ಶೈಕ್ಷಣಿಕ ಜಿಲ್ಲೆ

‘ಜಿಲ್ಲೆ’ಯ ಬೇರು ಅರಬ್ಬಿಯಲ್ಲಿದೆ, ಅಲ್ಲಿ ಅದಕ್ಕೆ ಪಕ್ಕೆಲುಬು, ಪಕ್ಕ ಎಂಬ ಅರ್ಥ. ಪಾರಸಿ, ಉರ್ದುಗಳನ್ನು ಹಾದು ಆಡಳಿತದ ಮಾತಾಗಿ ಕನ್ನಡಕ್ಕೆ ಬಂತು. ಅದಕ್ಕೆ ಸಂಸ್ಕೃತದ ‘ಶೈಕ್ಷಣಿಕ’ ಸೇರಿದರೆ ಗಡಿಯೇ ಬದಲಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಉತ್ತರ ಕನ್ನಡದ ಹೆಸರಿದ್ದೂ ಶಿರಸಿಗೆ ಬೇರೆ ಸಾಲು: ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಕಡೆಯ, ಅಂದರೆ ಘಟ್ಟದ ಮೇಲಿನ ಶಾಲೆಗಳದ್ದು. ಜಿಲ್ಲಾಧಿಕಾರಿ ಕಾರವಾರದಲ್ಲಿರುವಾಗ ಇದೆಂಥ ಜಿಲ್ಲೆ ಎಂದು ಕೇಳಬಹುದು. ಕಂದಾಯದ ಲೆಕ್ಕದಲ್ಲಿ ಅಲ್ಲವೇ ಅಲ್ಲ. ಆದರೆ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ ಶಿರಸಿಯಲ್ಲೇ ಇರುವುದರಿಂದ ಸಿದ್ದಾಪುರದ ಮಾಸ್ತರರು ಕಡತ ಹಿಡಿದು ಘಟ್ಟ ಇಳಿಯಬೇಕಿಲ್ಲ. ಚಿಕ್ಕೋಡಿ, ಮಧುಗಿರಿಗಳದ್ದೂ ಇದೇ ಕಥೆ. ಶಿರಸಿಯನ್ನು ಪೂರ್ಣ ಜಿಲ್ಲೆಯಾಗಿಸಿ ಎನ್ನುವವರಿಗೆ ಮಾತ್ರ ಈ ವಿಶೇಷಣ ಇನ್ನೂ ಚುಚ್ಚುತ್ತದೆ.