ತಡೆಹಿಡಿದ ಹಣದ ಹಿಂದಿನ ಕಥೆ

1958ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ ಸುಮಾರು 60,000 ಮಂದಿಗೆ, ಯಾರೂ ಕೇಳದಿದ್ದರೂ, ಅಂಚೆಯಲ್ಲಿ ಕ್ರೆಡಿಟ್ ಕಾರ್ಡ್ ಬಂತು. ಕಳಿಸಿದ್ದು ಬ್ಯಾಂಕ್ ಆಫ್ ಅಮೆರಿಕ. ವಂಚಕರಿಗೆ ಸುಗ್ಗಿ, ಬ್ಯಾಂಕಿಗೆ ಭಾರೀ ನಷ್ಟ.

ಆಗಿನ ಅಂಗಡಿಗಳಲ್ಲಿ ಕಾರ್ಡನ್ನು ಪುಟ್ಟ ಯಂತ್ರದಲ್ಲಿಟ್ಟು, ಮೇಲೆ ಕಾರ್ಬನ್ ಚೀಟಿ ಹಾಸಿ ಹಿಡಿ ಎಳೆದರೆ ಉಬ್ಬಿದ ಅಂಕಿಗಳು ಚೀಟಿಯಲ್ಲಿ ಮೂಡುತ್ತಿದ್ದವು. ದೊಡ್ಡ ಮೊತ್ತವಾದರೆ ಬ್ಯಾಂಕಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕಿತ್ತು. ಒಪ್ಪಿಗೆ ಈಗ, ಹಣ ಆಮೇಲೆ. 1973ರಲ್ಲಿ ಒಪ್ಪಿಗೆಯ ಕೆಲಸ ಕಂಪ್ಯೂಟರಿಗೆ ಹೋದರೂ ಈ ಎರಡು ಹಂತ ಅಳಿಯಲಿಲ್ಲ. ಇಂದಿಗೂ ಎಷ್ಟೋ ಆನ್‌ಲೈನ್ ಖರೀದಿಗಳಲ್ಲಿ ಬ್ಯಾಂಕ್ ಮೊದಲು ಮೊತ್ತವನ್ನು ತಡೆಹಿಡಿಯುತ್ತದೆ. ಮಾರಾಟಗಾರ ಕೇಳಿದ ಮೇಲಷ್ಟೇ ಅದು ವರ್ಗವಾಗುತ್ತದೆ. ಕೇಳದಿದ್ದರೆ ಕೆಲವು ದಿನಗಳಲ್ಲಿ ತಡೆ ತೆರವಾಗುತ್ತದೆ.

ಕೊಳ್ಳುವವರಿಗೆ ನಿಜವಾದ ಬಲ ಬಂದದ್ದು ಕಾನೂನಿನಿಂದ. ಅಮೆರಿಕದ 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆಯ ಪ್ರಕಾರ, ತಪ್ಪು ಬಿಲ್ ಬಂದರೆ ಅಥವಾ ಸಾಮಾನು ಕೈಸೇರದಿದ್ದರೆ ಗ್ರಾಹಕರು 60 ದಿನಗಳೊಳಗೆ ಬರೆದು ತಕರಾರು ಹೂಡಬಹುದು. ವಿಚಾರಣೆ ಮುಗಿಯುವ ತನಕ ಆ ಮೊತ್ತ ಕಟ್ಟಬೇಕಿಲ್ಲ. ಈ ಕಾಯ್ದೆ ಬರುವವರೆಗೆ ಒಂಟಿಯಾಗಿ ಅಂಗಡಿಯವರ ಜತೆ ಗುದ್ದಾಡುತ್ತಿದ್ದ ಜನರ ಪರ ಬ್ಯಾಂಕೇ ಪ್ರಶ್ನೆ ಕೇಳುವಂತಾಯಿತು. ಕಾರ್ಡ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಭಾರತದಲ್ಲಿ ರಿಸರ್ವ್ ಬ್ಯಾಂಕ್ 2009ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣ ಕಡ್ಡಾಯ ಮಾಡಿತು. 2017ರ ಜುಲೈ ಸುತ್ತೋಲೆಯಂತೆ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರಿಂದ ವಂಚನೆಯಾದಾಗ, ಆ ವಹಿವಾಟಿನ ಬಗ್ಗೆ ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆಯಿಲ್ಲ. ಅಂಥ ಸಂದೇಶ ಬಂದ ದಿನವೇ ಬ್ಯಾಂಕಿಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.