ಇನ್ಫೋಸಿಸ್ ಸಂಸ್ಥೆಯ ಆದ್ಯ ಚರಿತ್ರೆ: ನಿಪ್ಪಾಣಿಯ ಹೆದ್ದಾರಿಯಿಂದ ಒಂದು ನೋಟ

ಇನ್ಫೋಸಿಸ್ ಸಂಸ್ಥೆಯ ಚರಿತ್ರೆಯನ್ನು ಹತ್ತು ಸಾವಿರ ರೂಪಾಯಿಗಳ ಬಂಡವಾಳದಿಂದ ಆರಂಭಿಸುವುದು ವಾಡಿಕೆ. 1981ರಲ್ಲಿ ಎನ್. ಆರ್. ನಾರಾಯಣಮೂರ್ತಿಯವರೂ ಆರು ಮಂದಿ ಸಹೋದ್ಯೋಗಿಗಳೂ ಅದನ್ನು ಪುಣೆಯಲ್ಲಿ ಸ್ಥಾಪಿಸಿದರೆಂಬುದೂ, ಆ ಹಣವನ್ನು ಒದಗಿಸಿದವರು ಶ್ರೀಮತಿ ಸುಧಾ ಮೂರ್ತಿಯವರೆಂಬುದೂ ಸರ್ವವಿದಿತ. ಆದರೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಇತಿಹಾಸಾಭ್ಯಾಸಿಗೆ 1981 ಬೇರೊಂದು ಕಾರಣದಿಂದ ನೆನಪಾಗುತ್ತದೆ. ಆ ವರ್ಷದ ಮಾರ್ಚ್ ತಿಂಗಳಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆಯನ್ನು ಬೇಡಿ ರೈತರು ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತರು. ಏಪ್ರಿಲಿನಲ್ಲಿ ಪೊಲೀಸರ ಗೋಲಿಬಾರಿಗೆ ಹಲವರು ಬಲಿಯಾದರು. ಎರಡು ವರ್ಷಗಳ ತರುವಾಯ, 1983ರಲ್ಲಿ, ಇನ್ಫೋಸಿಸ್ ತನ್ನ ಕೇಂದ್ರವನ್ನು ಆ ಹೆದ್ದಾರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಬೆಂಗಳೂರಿಗೆ, ಸಾಗಿಸಿತು. ಅಲ್ಲಿಯ ಮೈಕೊ ಕಾರ್ಖಾನೆ ಅದರ ಗಿರಾಕಿಯಾಗಿತ್ತು.

ಈ ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವಿಲ್ಲ. ಇದೆಯೆಂದು ಸಾಧಿಸಹೊರಡುವುದು ಹುಡುಗಾಟವಾದೀತು. ವಿಚಾರಿಸಬೇಕಾದುದು ಇಷ್ಟೆ: ಸರಕಿಗೆ ಬೆಲೆ ಕಟ್ಟುವವರು ಯಾರು? ನಿಪ್ಪಾಣಿಯ ರೈತನ ತಂಬಾಕಿಗೆ ಬೆಲೆ ಕಟ್ಟುತ್ತಿದ್ದವರು ವಖಾರಿಯ ವರ್ತಕರು. ಇನ್ಫೋಸಿಸ್ಸಿನ ಮೊದಲ ವರ್ಷಗಳೂ ಇದಕ್ಕಿಂತ ತೀರ ಭಿನ್ನವಾಗಿರಲಿಲ್ಲ. ಸ್ವಂತ ಗಣಕಯಂತ್ರವಿಲ್ಲದ ಕಾರಣ ಅದರ ಎಂಜಿನಿಯರುಗಳು ಅಮೆರಿಕೆಗೆ ತೆರಳಿ, ಡೇಟಾ ಬೇಸಿಕ್ಸ್ ಎಂಬ ಮೊದಲ ಗಿರಾಕಿಯ ಕೆಲಸವನ್ನು ಅಲ್ಲಿಯೇ ಮಾಡಿಕೊಡಬೇಕಾಯಿತು. ಯಂತ್ರದ ಆಮದಿಗೆ ದೆಹಲಿಯ ಅಪ್ಪಣೆ ಬೇಕಾಗಿತ್ತು. ಅದಕ್ಕಾಗಿ ಪದೇ ಪದೇ ಅಲೆದಾಟ. ದೂರವಾಣಿಗೂ ದೀರ್ಘಕಾಲ ಕಾಯಬೇಕು. ಹತ್ತು ಸಾವಿರ ರೂಪಾಯಿಗಳ ಕಥೆಗಿಂತ ಈ ಅಪ್ಪಣೆಗಳ ಕಥೆಯೇ ಚರಿತ್ರಕಾರನಿಗೆ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ.

1990ರಲ್ಲಿ ಸಂಸ್ಥೆಯನ್ನು ಹತ್ತು ಲಕ್ಷ ಡಾಲರುಗಳಿಗೆ ಮಾರಿಬಿಡುವ ಮಾತು ಬಂದಿತ್ತು. ಮಾರಲಿಲ್ಲ. ಮರುವರ್ಷ ದೇಶದ ಆರ್ಥಿಕ ನೀತಿಯೇ ಬದಲಾಗಿ ಅಪ್ಪಣೆಗಳ ಬಿಗಿ ಸಡಿಲಿತು. ಆದರೂ 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಸಾರ್ವಜನಿಕರ ಮುಂದಿಟ್ಟಾಗ ಕೊಳ್ಳುವವರು ಸಾಕಷ್ಟು ದೊರೆಯಲಿಲ್ಲ. ಅಮೆರಿಕದ ಮಾರ್ಗನ್ ಸ್ಟಾನ್ಲಿ ಸಂಸ್ಥೆ ಶೇಕಡ 13ರಷ್ಟು ಪಾಲನ್ನು ಕೊಂಡಿತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಯನ್ನು ಪ್ರವೇಶಿಸಿದ, ಭಾರತದಲ್ಲಿ ನೋಂದಿತವಾದ ಮೊದಲ ಸಂಸ್ಥೆಯೆಂಬ ಹೆಸರು ಅದಕ್ಕೆ ಬಂದಿತು.

ಇಲ್ಲಿ ಸರಕಾರದ ಪಾತ್ರವನ್ನು ಬರಿಯ ಅಡ್ಡಿಯೆಂದು ಬಗೆಯುವುದು ಅನ್ಯಾಯ. ರಾಜ್ಯ ಸರಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿಯೇ ಬೆಂಗಳೂರಿನ ಹೊರವಲಯದ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ನೆಲವನ್ನು ಅಣಿಗೊಳಿಸಿತ್ತು. 1990ರ ದಶಕದಲ್ಲಿ ಇನ್ಫೋಸಿಸ್ ನೆಲೆಯೂರಿದ್ದು ಅಲ್ಲಿಯೇ. ಉಪಗ್ರಹ ಸಂಪರ್ಕ ಒದಗಿದ ಮೇಲೆ ಕೆಲಸವನ್ನು ಇಲ್ಲಿಯೇ ಮಾಡಿ ಕಡಲಾಚೆ ಕಳುಹಿಸುವುದು ಸಾಧ್ಯವಾಯಿತು. ಒಬ್ಬ ಗಿರಾಕಿ ಒಪ್ಪದಿದ್ದರೆ ಇನ್ನೊಬ್ಬನನ್ನು ಅರಸಬಹುದಾಗಿತ್ತು. ಈ ಅನುಕೂಲ ತಂಬಾಕಿನ ರೈತನಿಗೆ ಇರಲಿಲ್ಲ. ಅವನ ಸರಕು ವಖಾರಿಯನ್ನು ದಾಟಿ ಹೋಗುವಂತಿರಲಿಲ್ಲ. ಅವನು ತಡೆಯಬಹುದಾಗಿದ್ದುದು ರಸ್ತೆಯೊಂದನ್ನೇ.

ನಮ್ಮ ಈ ತಾಲ್ಲೂಕುಗಳಿಂದ ಎಂಜಿನಿಯರಿಂಗ್ ಕಲಿತವರು ನಿಪ್ಪಾಣಿಯಲ್ಲಿ ಬಸ್ಸನ್ನೋ ರಾಯಬಾಗದಲ್ಲಿ ರೈಲನ್ನೋ ಹಿಡಿದು ಪುಣೆಗೆ, ಇಲ್ಲವೆ ಬೆಂಗಳೂರಿಗೆ ತೆರಳುತ್ತಾರೆ. ಅದೇ ಹೆದ್ದಾರಿಯ ಮೇಲಿರುವ ಹುಬ್ಬಳ್ಳಿಯಲ್ಲಿ ಇನ್ಫೋಸಿಸ್ಸಿನ ಕಚೇರಿ ಕಾರ್ಯಾರಂಭ ಮಾಡಿದ್ದು 2022ರಲ್ಲಿ.