ಹಾರುಬೂದಿ: ಕಸವೋ, ಕಟ್ಟಡದ ಸರಕೋ?

ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಸುಣ್ಣದೊಂದಿಗೆ ಅರೆದು ಇದನ್ನು ತಯಾರಿಸುತ್ತಿದ್ದರು. 1911ರಲ್ಲಿ ಆ ಕಟ್ಟೆಯ ಕೆಲಸ ಆರಂಭವಾಗುವ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮನ್ನರು ಪೊಝುವೋಲಿ ಎಂಬ ಊರಿನ ಜ್ವಾಲಾಮುಖಿ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ನೀರಿನಲ್ಲೂ ಗಟ್ಟಿಯಾಗುವ ಗಾರೆ ಮಾಡಿದ್ದರು. ಸುರ್ಕಿಯಲ್ಲೂ ಆ ಬೂದಿಯಲ್ಲೂ ಇರುವ ಸಿಲಿಕಾ ಸುಣ್ಣದೊಡನೆ ಕೂಡಿ ಬಂಧಕವಾಗುತ್ತದೆ. ಕಲ್ಲಿದ್ದಲು ಉರಿದ ಮೇಲೆ ಉಳಿಯುವ ಹಾರುಬೂದಿಗೂ ಇದೇ ಗುಣವಿದೆ.

ಈ ಗುಣವನ್ನು ವಿಜ್ಞಾನಿಗಳು ವಿವರವಾಗಿ ಪರೀಕ್ಷಿಸಿದ್ದು 1930ರ ದಶಕದಲ್ಲಿ. ಅಮೆರಿಕದ ಮೊಂಟಾನಾದಲ್ಲಿ 1953ರಲ್ಲಿ ಪೂರ್ಣಗೊಂಡ ಹಂಗ್ರಿ ಹಾರ್ಸ್ ಅಣೆಕಟ್ಟೆಗೆ ಹಾರುಬೂದಿಯನ್ನು ಹೇರಳವಾಗಿ ಬಳಸಲಾಯಿತು. ಬೂದಿ ಬೆರೆತ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಆದರೆ ಅದು ಗಟ್ಟಿಯಾಗುವಾಗ ಹುಟ್ಟುವ ಶಾಖ ಕಡಿಮೆ, ಆದ್ದರಿಂದ ಬಿರುಕೂ ಕಡಿಮೆ. ಭಾರತದಲ್ಲಿ ರಿಹಾಂದ್ ಅಣೆಕಟ್ಟೆ ಇದೇ ದಾರಿ ಹಿಡಿಯಿತು.

ಆದರೆ ಬೂದಿ ಹುಟ್ಟುವ ವೇಗಕ್ಕೆ ಬಳಕೆ ಸಾಟಿಯಾಗಲಿಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಶೇ 30ರಿಂದ 40ರಷ್ಟಿದೆ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾದಾಗ ಕರ್ನಾಟಕಕ್ಕೂ ಈ ಸಮಸ್ಯೆ ಬಂತು. ಬಳಕೆಯಾಗದ ಬೂದಿಯನ್ನು ನೀರಿನೊಂದಿಗೆ ಕಲಸಿ ವಿಶಾಲ ಕೊಳಗಳಿಗೆ ಹರಿಸುವುದು ಇಂಥ ಕೇಂದ್ರಗಳ ರೂಢಿ. ಬೇಸಿಗೆಯಲ್ಲಿ ಅದು ಗಾಳಿಗೆ ಹಾರುತ್ತದೆ. ಅದರಲ್ಲಿರುವ ಆರ್ಸೆನಿಕ್, ಸೀಸದಂಥ ಅಂಶಗಳು ಅಂತರ್ಜಲಕ್ಕೆ ಇಳಿಯುವ ಭಯವೂ ಇದೆ.

ಅಮೆರಿಕದ ಟೆನೆಸಿಯ ಕಿಂಗ್‌ಸ್ಟನ್‌ನಲ್ಲಿ 2008ರ ಡಿಸೆಂಬರ್ 22ರಂದು ಒಡ್ಡು ಒಡೆದು, ಸುಮಾರು 40 ಲಕ್ಷ ಘನ ಮೀಟರ್ ಬೂದಿ ಕೆಸರು ನದಿ, ಹೊಲ, ಮನೆಗಳ ಮೇಲೆ ನುಗ್ಗಿತು. ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ 2020ರ ಏಪ್ರಿಲ್‌ನಲ್ಲಿ ಬೂದಿ ಕೊಳ ಒಡೆದು ಆರು ಮಂದಿ ಪ್ರಾಣ ಕಳೆದುಕೊಂಡರು. ಆ ಕೆಸರು ಹರಿದು ಸೇರಿದ್ದು ರಿಹಾಂದ್ ಜಲಾಶಯವನ್ನೇ.

ಕೇಂದ್ರ ಸರ್ಕಾರ 1999ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ವಿದ್ಯುತ್ ಕೇಂದ್ರದ 50 ಕಿ.ಮೀ. ಸುತ್ತಿನ ಇಟ್ಟಿಗೆ ಗೂಡುಗಳು ಮಣ್ಣಿನೊಂದಿಗೆ ಶೇ 25ರಷ್ಟಾದರೂ ಬೂದಿ ಬೆರೆಸಬೇಕಿತ್ತು. ಫಲವತ್ತಾದ ಮೇಲ್ಮಣ್ಣನ್ನು ಉಳಿಸುವುದೂ ಇದರ ಉದ್ದೇಶವಾಗಿತ್ತು. ಬಳಿಕ ಗಡುವುಗಳು ಹಲವು ಬಾರಿ ಮುಂದಕ್ಕೆ ಹೋದವು. 2021ರ ಡಿಸೆಂಬರ್‌ನ ಅಧಿಸೂಚನೆ, ಬಳಕೆಯಾಗದ ಬೂದಿಗೆ ಟನ್ನಿಗೆ 1,000 ರೂಪಾಯಿ ಪರಿಹಾರ ಶುಲ್ಕ ವಿಧಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಿಮೆಂಟ್ ಅಥವಾ ಇಟ್ಟಿಗೆಯೊಳಗೆ ಬಂಧಿಯಾದ ಬೂದಿಯಿಂದ ವಿಷಾಂಶ ಸುಲಭವಾಗಿ ಹೊರಬರುವುದಿಲ್ಲ. ತಗ್ಗು ನೆಲಕ್ಕೋ ಹಳೆಯ ಗಣಿ ಗುಂಡಿಗೋ ಸುರಿದ ಸಡಿಲ ಬೂದಿ ಹಾಗಲ್ಲ; ಮಳೆಯ ನೀರು ಅದರ ಮೂಲಕವೇ ಇಳಿಯುತ್ತದೆ. ಸರ್ಕಾರಿ ಲೆಕ್ಕದಲ್ಲಿ ಎರಡೂ ‘ಬಳಕೆ’ಯೇ. ಪಕ್ಕದ ಬಾವಿಯ ನೀರು ಕುಡಿಯುವವರಿಗೆ ಮಾತ್ರ ಎರಡೂ ಒಂದೇ ಅಲ್ಲ.